ತೇಲ್ಯಾ, ಕಜ್ಜಿ ರೋಗಕ್ಕೆ ಪೆಪ್ಟೈಡ್: ನಮ್ಮ ಭಾಗದ ಹಣ್ಣಿನ ಬೆಳೆಗಾರರಿಗೊಂದು ಮಾರ್ಗದರ್ಶಿ

ಉತ್ತರಿ ಮಳೆ ಎರಡು ದಿನ ಬಿಡದೆ ಸುರಿದು ಮೂರನೆಯ ದಿನ ಬಿಸಿಲು ಬಿತ್ತೆಂದರೆ ಅಫಜಲಪುರ, ಆಳಂದ, ಜೇವರ್ಗಿ ಕಡೆಯ ದಾಳಿಂಬೆ ಬೆಳೆಗಾರರು ಮುಂಜಾನೆಯ ಚಹಾಕ್ಕೂ ಕಾಯದೆ ತೋಟಕ್ಕೆ ಹೋಗುತ್ತಾರೆ. ಎಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಎಣ್ಣೆಯ ಹನಿ ಬಿದ್ದಂತಹ ಚುಕ್ಕೆ ಕಂಡರೆ ಎದೆ ಧಸಕ್ಕೆನ್ನುತ್ತದೆ. ಮರಾಠಿಯಿಂದ ಬಂದ 'ತೇಲ್ಯಾ' ಎಂಬ ಹೆಸರೇ ಗಡಿಯ ಊರುಗಳಲ್ಲಿ ನಿಂತುಬಿಟ್ಟಿದೆ. ಅದರ ಅರ್ಥವೂ ಎಣ್ಣೆಯದೇ. ಪುಸ್ತಕಗಳಲ್ಲಿ ಈ ರೋಗದ ಹೆಸರು ದುಂಡಾಣು ಅಂಗಮಾರಿ. ಕ್ಸಾಂಥೊಮೊನಾಸ್ ಎಂಬ ದುಂಡಾಣು (ಬ್ಯಾಕ್ಟೀರಿಯಾ) ಇದಕ್ಕೆ ಕಾರಣ. 1952ರಲ್ಲಿ ದೆಹಲಿಯಲ್ಲಿ ಮೊದಲು ವರದಿಯಾದ ಈ ರೋಗ ಅರ್ಧ ಶತಮಾನ ಸುಮ್ಮನಿದ್ದಂತೆ ಇದ್ದು, 2000ದ ನಂತರದ ವರ್ಷಗಳಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದ ತೋಟಗಳನ್ನು ಬುಡಮೇಲು ಮಾಡಿತು. ಲಿಂಬೆಯ ಕಜ್ಜಿ, ಮಾವಿನ ಎಲೆ ಮತ್ತು ಕಾಯಿಯ ಕಪ್ಪು ಚುಕ್ಕೆ ಕೂಡ ಇದೇ ಕುಲದ ದುಂಡಾಣುಗಳ ಕೆಲಸ.

ಇಷ್ಟು ವರ್ಷ ನಾವು ತಾಮ್ರದ ಔಷಧಿ ಮತ್ತು ಸ್ಟ್ರೆಪ್ಟೊಮೈಸಿನ್ ಪುಡಿಯನ್ನು ನಂಬಿದ್ದೆವು. ಸ್ಟ್ರೆಪ್ಟೊಮೈಸಿನ್ ಮನುಷ್ಯರ ಕ್ಷಯರೋಗಕ್ಕೆ ಕೊಡುವ ಔಷಧಿ. ಅದನ್ನು ತೋಟಕ್ಕೆ ಬಾರಿಬಾರಿ ಸಿಂಪಡಿಸಿದರೆ ಔಷಧಿಗೆ ಬಗ್ಗದ ದುಂಡಾಣುಗಳು ಹುಟ್ಟುತ್ತವೆ. ಬೆಳೆಯಲ್ಲಿ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬಳಕೆಯನ್ನು ನಿಲ್ಲಿಸಲು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಕರಡು ಆದೇಶ ಹೊರಡಿಸಿದ್ದು ಈ ಕಾರಣಕ್ಕೇ. ಆ ಪುಡಿ ಬಿಟ್ಟರೆ ಮುಂದೇನು ಎಂದು ಕೇಳುವಾಗ ಇತ್ತೀಚೆಗೆ ಎಲ್ಲರ ಬಾಯಲ್ಲೂ ಬರುವ ಮಾತು ಪೆಪ್ಟೈಡ್. ಇದು ಭರವಸೆಯ ದಾರಿ ಎಂದು ನಾನು ನಂಬುತ್ತೇನೆ. ಆದರೆ ಹಳೆಯ ಔಷಧಿ ಹೊಡೆದ ರೀತಿಯಲ್ಲೇ ಇದನ್ನೂ ಹೊಡೆದರೆ ಹಣ ನೀರಿನಲ್ಲಿ ಹೋಗುತ್ತದೆ. ಹೇಗೆ ಹೋಗುತ್ತದೆ, ಹೋಗದಂತೆ ಏನು ಮಾಡಬೇಕು ಎಂಬುದನ್ನು ಕೆಳಗೆ ಬರೆದಿದ್ದೇನೆ.

ಪೆಪ್ಟೈಡ್ ಮಾಡುವ ಕೆಲಸ

ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರವೇ ಪ್ರೋಟೀನು. ಸರ ಗಿಡ್ಡದಾಗಿದ್ದರೆ ಅದನ್ನು ಪೆಪ್ಟೈಡ್ ಎನ್ನುತ್ತೇವೆ. ರೋಗಾಣು ಕೊಲ್ಲುವ ಪೆಪ್ಟೈಡ್‌ಗಳಲ್ಲಿ ಬಹಳಷ್ಟು ಹತ್ತರಿಂದ ಐವತ್ತು ಮಣಿಗಳ ಸರಗಳು. ಇವುಗಳ ಮೈಯಲ್ಲಿ ಧನ ವಿದ್ಯುದಂಶ ಹೆಚ್ಚು. ದುಂಡಾಣುವಿನ ಹೊರಪೊರೆಯಲ್ಲಿ ಋಣ ವಿದ್ಯುದಂಶ ಹೆಚ್ಚು. ಆದ್ದರಿಂದ ಸರ ಹೋಗಿ ಪೊರೆಗೆ ಅಂಟಿಕೊಳ್ಳುತ್ತದೆ, ಒಳಗೆ ನುಗ್ಗಿ ತೂತು ಮಾಡುತ್ತದೆ, ದುಂಡಾಣುವಿನ ಒಳಗಿನದೆಲ್ಲ ಸೋರಿಹೋಗುತ್ತದೆ. ಕೆಲವು ಪೆಪ್ಟೈಡ್‌ಗಳಿಗೆ ಇದಕ್ಕೆ ನಿಮಿಷಗಳು ಸಾಕು. ಗಿಡದ ಮತ್ತು ನಮ್ಮ ಜೀವಕೋಶಗಳ ಹೊರಪೊರೆಯಲ್ಲಿ ಅಂತಹ ಋಣ ಅಂಶ ಕಡಿಮೆಯಾದ್ದರಿಂದ ಪೆಟ್ಟು ಮುಖ್ಯವಾಗಿ ದುಂಡಾಣುವಿಗೇ ಬೀಳುತ್ತದೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಇದು ಪ್ರಕೃತಿಯಲ್ಲಿ ಹೊಸದೇನಲ್ಲ. ಹಾಲಿನ ದುಂಡಾಣು ತಯಾರಿಸುವ ನೈಸಿನ್ 1928ರಲ್ಲೇ ಗೊತ್ತಾಗಿತ್ತು. ಇಂದಿಗೂ ಚೀಸ್ ಕೆಡದಂತೆ ಅದನ್ನು ಬಳಸುತ್ತಾರೆ. ಹ್ಯಾನ್ಸ್ ಬೋಮನ್ ಅವರ ತಂಡ 1980ರ ಸುಮಾರಿಗೆ ರೇಷ್ಮೆ ಪತಂಗದ ಜಾತಿಯೊಂದರಲ್ಲಿ ಸೆಕ್ರೋಪಿನ್ ಕಂಡುಹಿಡಿಯಿತು. 1987ರಲ್ಲಿ ಮೈಕೆಲ್ ಝಾಸ್ಲಾಫ್ ಆಫ್ರಿಕಾದ ಕಪ್ಪೆಯ ಚರ್ಮದಲ್ಲಿ ಮ್ಯಾಗೈನಿನ್ ಕಂಡರು. ಗೋಧಿ, ಬಾರ್ಲಿ ಕಾಳುಗಳಲ್ಲಿಯೂ ಇಂತಹ ಪೆಪ್ಟೈಡ್‌ಗಳಿವೆ. ನಮ್ಮ ಹೊಲದ ಹೆಸರುಕಾಳಿನಲ್ಲಿರುವ ಡಿಫೆನ್ಸಿನ್ ಕಾಳು ಕೊರೆಯುವ ಹುಳುವಿನ ಮೇಲೂ ಪರಿಣಾಮ ಬೀರುತ್ತದೆ ಎಂದು ಓದಿದ ದಿನ, ಮುಂಗಾರಿನ ಹೆಸರು ರಾಶಿಯನ್ನು ನಾನು ಹೊಸ ಕಣ್ಣಿನಿಂದ ನೋಡಿದೆ.

ಹಣ್ಣಿನ ಬೆಳೆಯ ಮಟ್ಟಿಗೆ ಮುಖ್ಯವಾದ ಕೆಲಸ ನಡೆದದ್ದು ಸ್ಪೇನಿನ ಜಿರೋನಾ ವಿಶ್ವವಿದ್ಯಾಲಯದಲ್ಲಿ. ಸೆಕ್ರೋಪಿನ್ ಮತ್ತು ಜೇನುನೊಣದ ವಿಷದಲ್ಲಿರುವ ಮೆಲಿಟಿನ್, ಇವೆರಡರ ತುಂಡುಗಳ ಮಾದರಿಯಲ್ಲಿ ಅಲ್ಲಿನವರು ಹನ್ನೊಂದೇ ಮಣಿಗಳ ಬಿಪಿ100 ಎಂಬ ಸರ ಕಟ್ಟಿದರು. ಸೇಬು, ಪೇರು ಹಣ್ಣುಗಳ ಬೆಂಕಿರೋಗದ ದುಂಡಾಣುವನ್ನೂ ನಮ್ಮ ಶತ್ರುವಿನ ಹತ್ತಿರದ ಬಂಧುವಾದ ಇನ್ನೊಂದು ಕ್ಸಾಂಥೊಮೊನಾಸ್ ಅನ್ನೂ ಪ್ರಯೋಗಶಾಲೆಯಲ್ಲಿ ಅದು ಲೀಟರಿಗೆ ಸುಮಾರು ಹತ್ತು ಮಿಲಿಗ್ರಾಂನೊಳಗೇ ತಡೆಯಿತು. 2021ರಲ್ಲಿ ಅಮೆರಿಕದ ರಿವರ್‌ಸೈಡ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಆಸ್ಟ್ರೇಲಿಯಾದ ಬೆರಳು ಲಿಂಬೆಯಲ್ಲಿರುವ ಪೆಪ್ಟೈಡ್ ಒಂದು ಲಿಂಬೆ ಜಾತಿಯ ಹಸಿರು ರೋಗದ ದುಂಡಾಣುವನ್ನು ಕೊಲ್ಲುತ್ತದೆ ಎಂದು ಪ್ರಕಟಿಸಿತು. ಬಿಸಿಲಿನ ತಾಪಕ್ಕೆ ಅದು ಕೆಡುವುದಿಲ್ಲ ಎಂಬುದು ನಮ್ಮಂಥ ಊರಿನವರಿಗೆ ಮುಖ್ಯವಾದ ಸಂಗತಿ.

ಮೊದಲ ಹೆಜ್ಜೆ: ರೋಗ ದುಂಡಾಣುವಿನದೇ ಎಂದು ಖಚಿತಪಡಿಸಿಕೊಳ್ಳಿ

ಎಲ್ಲ ಚುಕ್ಕೆಯೂ ತೇಲ್ಯಾ ಅಲ್ಲ. ದಾಳಿಂಬೆಗೆ ಶಿಲೀಂಧ್ರದ ಚುಕ್ಕೆ ರೋಗಗಳೂ ಬರುತ್ತವೆ, ಅವಕ್ಕೆ ದುಂಡಾಣುವಿನ ಔಷಧಿ ಹೊಡೆದು ಫಲವಿಲ್ಲ. ಎಲೆಯನ್ನು ಸೂರ್ಯನಿಗೆ ಎದುರಾಗಿ ಹಿಡಿಯಿರಿ. ದುಂಡಾಣುವಿನ ಎಳೆಯ ಚುಕ್ಕೆ ನೀರು ಕುಡಿದ ಕಾಗದದಂತೆ ಪಾರದರ್ಶಕವಾಗಿ ಕಾಣುತ್ತದೆ, ಸುತ್ತ ಹಳದಿ ಅಂಚು ಇರುತ್ತದೆ. ಕಾಯಿಯ ಮೇಲೆ ಕಂದುಗಪ್ಪು ಚುಕ್ಕೆ ಬಂದು ಅದರ ನಡುವೆ ನಕ್ಷತ್ರದ ಅಥವಾ ಕವಲಿನ ಆಕಾರದಲ್ಲಿ ಸಿಪ್ಪೆ ಬಿರಿಯುತ್ತದೆ. ಕಾಂಡದ ಗಿಣ್ಣು ಕಪ್ಪಾಗಿ ಅಲ್ಲಿಯೇ ಕೊಂಬೆ ಮುರಿಯುತ್ತದೆ. ಲಿಂಬೆಯ ಕಜ್ಜಿ ಬೇರೆ ರೀತಿ: ಎಲೆಯ ಎರಡೂ ಬದಿಗೆ ಉಬ್ಬಿದ, ಬೆಂಡಿನಂತೆ ಒರಟಾದ, ನಡುವೆ ಕುಳಿ ಬಿದ್ದ ಗಾಯ. ಬೆರಳಾಡಿಸಿದರೆ ಕೈಗೆ ತರಕಲು ತಗಲುತ್ತದೆ.

ಅನುಮಾನ ಉಳಿದರೆ ಮಾದರಿ ಒಯ್ಯಿರಿ. ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರ ಆಳಂದ ರಸ್ತೆಯಲ್ಲಿದೆ. ಯಾದಗಿರಿ ಜಿಲ್ಲೆಯವರಿಗೆ ಕವಡಿಮಟ್ಟಿಯ ಕೇಂದ್ರ ಮತ್ತು ಭೀಮರಾಯನಗುಡಿಯ ಕೃಷಿ ಕಾಲೇಜು, ಬೀದರಿನವರಿಗೆ ಅಲ್ಲಿನ ಕೃಷಿ ವಿಜ್ಞಾನ ಕೇಂದ್ರ ಮತ್ತು ತೋಟಗಾರಿಕೆ ಕಾಲೇಜು ಇವೆ. ಪೂರ್ತಿ ಒಣಗಿದ ಎಲೆ ತೆಗೆದುಕೊಂಡು ಹೋಗಬೇಡಿ. ಚುಕ್ಕೆ ಹೊಸದಾಗಿರುವ ಎಲೆ, ಒಂದು ಕಾಯಿ, ಒಂದು ಗಿಣ್ಣು ಆರಿಸಿ ಕಾಗದದಲ್ಲಿ ಸುತ್ತಿ ಅದೇ ದಿನ ತಲುಪಿಸಿ. ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಕೊಳೆತ ಮಾದರಿ ಯಾರಿಗೂ ಏನನ್ನೂ ಹೇಳುವುದಿಲ್ಲ. ಚುಕ್ಕೆಯ ಅಂಚನ್ನು ಕತ್ತರಿಸಿ ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದುಂಡಾಣು ಹೊಗೆಯಂತೆ ಹೊರಹರಿಯುವುದು ಕಂಡರೆ ಅನುಮಾನ ಬಹುಮಟ್ಟಿಗೆ ಪರಿಹಾರವಾದಂತೆ.

ಸುರಪುರ, ಹುಣಸಗಿಯ ಕಾಲುವೆ ಕೆಳಗಿನ ರೈತರು ಒಂದು ಪ್ರಶ್ನೆ ಕೇಳುತ್ತಾರೆ: ಪಕ್ಕದ ಭತ್ತದ ಗದ್ದೆಯ ದುಂಡಾಣು ರೋಗ ತೋಟಕ್ಕೆ ಹಬ್ಬುತ್ತದೆಯೇ? ಇಲ್ಲ. ಕುಲ ಒಂದೇ ಆದರೂ ಭತ್ತದ್ದು ಬೇರೆ, ದಾಳಿಂಬೆಯದು ಬೇರೆ. ಗದ್ದೆಯ ತೇವದ ಗಾಳಿ ಮಾತ್ರ ರೋಗಕ್ಕೆ ಅನುಕೂಲ ಮಾಡಿಕೊಡುತ್ತದೆ.

ಎರಡನೆಯ ಹೆಜ್ಜೆ: ಬಾಟಲಿಯಲ್ಲಿ ಇರುವುದೇನು?

ಇದು ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಎಂದು ನನ್ನ ಅನುಭವ ಹೇಳುತ್ತದೆ. ಒಂದು ಹಂಗಾಮಿನಲ್ಲಿ ಅಂಗಡಿಯವರೊಬ್ಬರು ದೊಡ್ಡ ಅಕ್ಷರದಲ್ಲಿ 'ಪೆಪ್ಟೈಡ್' ಎಂದು ಬರೆದ ಬಾಟಲಿ ಕೊಟ್ಟು, ತೇಲ್ಯಾ ನಿಲ್ಲುತ್ತದೆ ಎಂದರು. ಮೂರು ಸಲ ಹೊಡೆದೆ. ಎಲೆ ಕಡುಹಸಿರಾಗಿ ಮಿಂಚಿತು, ಹೊಸ ಚಿಗುರು ಒತ್ತೊತ್ತಾಗಿ ಬಂತು. ಮುಂದಿನ ಮಳೆಗೆ ಆ ಮೆತ್ತನೆಯ ಚಿಗುರಿನ ಮೇಲೇ ಚುಕ್ಕೆ ಎದ್ದಿತು. "ಕಾಕಾ, ನೀವು ಹೊಡೆದದ್ದು ಔಷಧಿಯಲ್ಲ, ಗಿಡದ ಊಟ" ಎಂದು ಪಕ್ಕದ ತೋಟದ ಹುಡುಗ ಲೇಬಲ್ ಓದಿ ಹೇಳಿದಾಗ ನನಗೆ ಮಾತು ಹೊರಡಲಿಲ್ಲ. ಅದು ಪ್ರೋಟೀನನ್ನು ಒಡೆದು ತಯಾರಿಸಿದ ಅಮೈನೋ ಆಮ್ಲ ಮತ್ತು ಪೆಪ್ಟೈಡ್‌ಗಳ ಮಿಶ್ರಣ. ಗಿಡಕ್ಕೆ ಚೇತನ ಕೊಡುತ್ತದೆ, ದುಂಡಾಣುವನ್ನು ಕೊಲ್ಲುವುದಿಲ್ಲ.

ಆದ್ದರಿಂದ ಅಂಗಡಿಯಲ್ಲಿ ನಿಂತು ಲೇಬಲ್ ಓದಿ. ಇಂತಹ ಗಿಡದ ಚೇತನ ಹೆಚ್ಚಿಸುವ ಜೈವಿಕ ಉತ್ತೇಜಕಗಳು 2021ರ ಫೆಬ್ರುವರಿಯಿಂದ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಯಲ್ಲಿ ಬರುತ್ತವೆ. ಪ್ರೋಟೀನ್ ಹೈಡ್ರೊಲೈಸೇಟ್ (ಒಡೆದ ಪ್ರೋಟೀನು), ಅಮೈನೋ ಆಮ್ಲಗಳು ಆ ಗುಂಪಿಗೆ ಸೇರಿದವು. ರೋಗ ತಡೆಯುತ್ತದೆ ಎಂದು ಹೇಳಿ ಮಾರುವ ಯಾವುದೇ ವಸ್ತುವಿಗೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು, ಜೈವಿಕವಾಗಿದ್ದರೂ ಬೇಕು. ಲೇಬಲ್ ಮೇಲೆ ನೋಂದಣಿ ಸಂಖ್ಯೆ, ಯಾವ ಬೆಳೆ, ಯಾವ ರೋಗ, ಎಷ್ಟು ಪ್ರಮಾಣ, ತಯಾರಿಸಿದ ಮತ್ತು ಅವಧಿ ಮುಗಿಯುವ ದಿನಾಂಕ ಇರಬೇಕು. ಇಲ್ಲದಿದ್ದರೆ ಬಾಟಲಿಯನ್ನು ಅಲ್ಲಿಯೇ ಬಿಡಿ. ಕೊಂಡದ್ದಕ್ಕೆಲ್ಲ ಬಿಲ್ ಪಡೆಯಿರಿ.

ಹಾಗಾದರೆ ನಿಜವಾದ ರೋಗನಿರೋಧಕ ಪೆಪ್ಟೈಡ್ ನಮ್ಮ ತೋಟಕ್ಕೆ ಬರುವ ದಾರಿ ಯಾವುದು? ಎರಡು ದಾರಿಗಳಿವೆ. ಒಂದು, ಬಿಪಿ100ರಂತೆ ಕಾರ್ಖಾನೆಯಲ್ಲಿ ಮಣಿಮಣಿಯಾಗಿ ಕಟ್ಟಿದ ಸರ. ಅದನ್ನು ಶುದ್ಧವಾಗಿ ತಯಾರಿಸುವ ಖರ್ಚು ದೊಡ್ಡದು, ಹೆಚ್ಚಿನ ಕೆಲಸ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಸಂಶೋಧಕರು ನಿಮ್ಮ ತೋಟದಲ್ಲಿ ಪ್ರಯೋಗ ಮಾಡುತ್ತೇವೆ ಎಂದು ಬಂದರೆ ಒಂದು ಮೂಲೆ ಬಿಟ್ಟುಕೊಡಿ. ಇನ್ನೊಂದು, ಇಂದೇ ಕೈಗೆಟಕುವ ದಾರಿ: ಪೆಪ್ಟೈಡ್ ತಯಾರಿಸುವ ಜೀವಿಯನ್ನೇ ಎಲೆಯ ಮೇಲೆ ಕೂರಿಸುವುದು. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಉಪಕಾರಿ ದುಂಡಾಣು ಮತ್ತು ಅದರ ಹತ್ತಿರದ ಜಾತಿಗಳು ಸರ್ಫ್ಯಾಕ್ಟಿನ್, ಇಟುರಿನ್, ಫೆಂಜೈಸಿನ್ ಎಂಬ ಕೊಬ್ಬು ಅಂಟಿದ ಪೆಪ್ಟೈಡ್‌ಗಳನ್ನೂ ಬ್ಯಾಸಿಲೈಸಿನ್ ಎಂಬ ಎರಡೇ ಮಣಿಯ ಸರವನ್ನೂ ಸ್ರವಿಸುತ್ತವೆ. ಇಟುರಿನ್, ಫೆಂಜೈಸಿನ್ ಮುಖ್ಯವಾಗಿ ಶಿಲೀಂಧ್ರದ ವೈರಿಗಳು. ದುಂಡಾಣುವಿನ ಮೇಲೆ ಬ್ಯಾಸಿಲೈಸಿನ್ ಕೆಲಸ ಮಾಡುತ್ತದೆ. ಸರ್ಫ್ಯಾಕ್ಟಿನ್ ಬ್ಯಾಸಿಲಸ್ ಎಲೆಯ ಮೇಲೆ ನೆಲೆಯೂರಲು ನೆರವಾಗಿ, ಗಿಡದ ಸ್ವಂತ ರಕ್ಷಣೆಯನ್ನೂ ಎಚ್ಚರಿಸುತ್ತದೆ.

ಬ್ಯಾಸಿಲಸ್ ಕೊಳ್ಳುವಾಗ ಪುಡಿ ಮತ್ತು ದ್ರವದ ವ್ಯತ್ಯಾಸ ತಿಳಿದಿರಲಿ. ಪುಡಿಯಲ್ಲಿ ಹೆಚ್ಚಾಗಿ ಇರುವುದು ಬೀಜಕಣ. ಅದು ಎಲೆಯ ಮೇಲೆ ತೇವ ಸಿಕ್ಕು ಮೊಳೆತು ಬೆಳೆದ ಮೇಲೆಯೇ ಪೆಪ್ಟೈಡ್ ಸ್ರವಿಸುವುದು. ಬೆಳೆಸಿದ ಸಾರದ ಸಮೇತ ಬರುವ ದ್ರವದಲ್ಲಿ ಪೆಪ್ಟೈಡ್ ಆಗಲೇ ಸ್ವಲ್ಪಮಟ್ಟಿಗೆ ಇರುತ್ತದೆ. ಮಳೆ ನಾಳೆಯೇ ಇದ್ದರೆ ದ್ರವ ಮೇಲು, ವಾರದ ಮುಂಚೆ ತಯಾರಿ ಮಾಡುವುದಾದರೆ ಪುಡಿಯೂ ಆದೀತು ಎಂಬುದು ನನ್ನ ಅಭಿಪ್ರಾಯ. ಬೆಲ್ಲದ ನೀರಿನ ಡ್ರಮ್ಮಿನಲ್ಲಿ ಮನೆಯಲ್ಲೇ ಹೆಚ್ಚಿಸಿಕೊಳ್ಳುವ ರೂಢಿ ಕೆಲವೆಡೆ ಇದೆ. ತೆರೆದ ಡ್ರಮ್ಮಿನಲ್ಲಿ ಬೆಳೆಯುವುದು ನಾವು ಹಾಕಿದ ಜೀವಿಯೇ ಎಂದು ಹೇಳಲಾಗದು, ಆದ್ದರಿಂದ ತಿನ್ನುವ ಹಣ್ಣಿನ ಮೇಲೆ ಅದನ್ನು ಹೊಡೆಯಲು ನಾನು ಒಪ್ಪುವುದಿಲ್ಲ.

ಒಂದು ಕಟ್ಟುನಿಟ್ಟಿನ ಮಾತು. ಕೊಲಿಸ್ಟಿನ್, ಪಾಲಿಮಿಕ್ಸಿನ್ ಸಹ ಪೆಪ್ಟೈಡ್‌ಗಳೇ, ಆದರೆ ಅವು ಆಸ್ಪತ್ರೆಯಲ್ಲಿ ಬೇರೆ ಯಾವುದೂ ನಾಟದಾಗ ಕೊನೆಗೆ ಕೊಡುವ ಔಷಧಿಗಳು. ಸಾಕುಪ್ರಾಣಿಗಳ ಆಹಾರದಲ್ಲಿ ಕೊಲಿಸ್ಟಿನ್ ಬಳಕೆಯನ್ನು ನಮ್ಮ ದೇಶ 2019ರಲ್ಲಿ ನಿಷೇಧಿಸಿದೆ. ಯಾರಾದರೂ ತೋಟಕ್ಕೆ ಎಂದು ಕೊಟ್ಟರೆ ಮುಟ್ಟಬೇಡಿ. ಸ್ಟ್ರೆಪ್ಟೊಮೈಸಿನ್‌ನಲ್ಲಿ ಮಾಡಿದ ತಪ್ಪನ್ನು ಇನ್ನೂ ದೊಡ್ಡದಾಗಿ ಮಾಡಿದಂತಾಗುತ್ತದೆ.

ಮೂರನೆಯ ಹೆಜ್ಜೆ: ತೋಟವನ್ನು ಮೊದಲು ಸ್ವಚ್ಛಮಾಡಿ

ಪೆಪ್ಟೈಡ್ ಎಲೆಯ ಮೇಲ್ಮೈಯ ಕಾವಲುಗಾರ. ಕಾಂಡದ ಗಾಯದೊಳಗೆ, ಗಿಣ್ಣಿನ ಬಿರುಕಿನೊಳಗೆ ಕೂತ ದುಂಡಾಣುವಿನ ತನಕ ಅದು ತಲುಪುವುದಿಲ್ಲ. ಒಳಗಿನ ರೋಗವನ್ನು ಕತ್ತರಿಯಿಂದ ತೆಗೆಯಬೇಕು. ಚಾಟ್ನಿ, ಅಂದರೆ ಕೊಂಬೆ ಸವರುವ ಕೆಲಸ, ಮಾಡುವಾಗ ರೋಗದ ಭಾಗಕ್ಕಿಂತ ಎರಡು ಇಂಚು ಕೆಳಗೆ ಕತ್ತರಿಸಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅಥವಾ ಸ್ಪಿರಿಟ್‌ನಲ್ಲಿ ಅದ್ದಿ. ಚಾಟ್ನಿಗೆ ಬರುವ ಕೂಲಿಯವರು ಊರಿಂದೂರಿಗೆ ತಮ್ಮದೇ ಕತ್ತರಿ ತರುತ್ತಾರೆ. ಅವರಿಗೆ ಪ್ರೀತಿಯಿಂದ ಹೇಳಿ ಎರಡು ಡಬ್ಬಿ, ಎರಡು ಕತ್ತರಿ ಕೊಟ್ಟರೆ ಒಂದು ಅದ್ದಿರುವಾಗ ಇನ್ನೊಂದರಿಂದ ಕೆಲಸ ಸಾಗುತ್ತದೆ.

ಬಿದ್ದ ಎಲೆ, ಬಿರಿದ ಕಾಯಿ, ಕಡ್ಡಿ ಎಲ್ಲವನ್ನೂ ಆರಿಸಿ ತೋಟದ ಹೊರಗೆ ಒಯ್ದು ನಾಶಮಾಡಿ. ಉದುರಿದ ಎಲೆಯಲ್ಲಿ ದುಂಡಾಣು ತಿಂಗಳುಗಟ್ಟಲೆ ಬದುಕಿರುತ್ತದೆ. ಬದುವಿನ ಮೇಲೆ ರಾಶಿ ಹಾಕಿದರೆ ಗಾಳಿಮಳೆ ಅದನ್ನು ಮತ್ತೆ ಒಳಗೆ ತರುತ್ತದೆ. ಚಾಟ್ನಿಯಾದ ಕೂಡಲೇ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಿ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿ ತೆಗೆದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂದರ್ಥ.

ಲಿಂಬೆ ಬೆಳೆಗಾರರು ಎಲೆ ಸುರಂಗ ಹುಳುವನ್ನು ಬಿಡಬಾರದು. ಎಳೆಯ ಎಲೆಯಲ್ಲಿ ಅದು ಕೊರೆದ ಬಿಳಿಯ ದಾರಿಗಳೇ ಕಜ್ಜಿಯ ದುಂಡಾಣುವಿಗೆ ತೆರೆದ ಬಾಗಿಲು. ಹುಳು ಹಾಗೆಯೇ ಇದ್ದರೆ ಯಾವ ಪೆಪ್ಟೈಡ್ ಹೊಡೆದರೂ ಸಾಲದು.

ಹೊಸ ತೋಟ ಹಾಕುವವರು ಗೂಟಿ ಸಸಿ (ತಾಯಿಗಿಡದ ಕೊಂಬೆಗೇ ಬೇರು ಬರಿಸಿ ತೆಗೆದ ಸಸಿ) ತರುವಾಗ ತಾಯಿಗಿಡ ನೋಡಿ ಬರಲಿ. ತೇಲ್ಯಾ ದೂರದೂರಿಗೆ ಹಬ್ಬಿದ್ದು ಮುಖ್ಯವಾಗಿ ಸಸಿಯ ಜೊತೆಗೇ.

ನಾಲ್ಕನೆಯ ಹೆಜ್ಜೆ: ನೀರು ಪರೀಕ್ಷಿಸಿ

ಇದನ್ನು ಯಾರೂ ಹೇಳುವುದಿಲ್ಲ, ನಮ್ಮ ಭಾಗಕ್ಕೆ ಮಾತ್ರ ಇದೇ ನಿರ್ಣಾಯಕ. ಶಹಾಬಾದಿನ ಹಾಸುಗಲ್ಲು ದೇಶಕ್ಕೆಲ್ಲ ಪರಿಚಿತ. ಶಹಾಬಾದ, ಚಿತ್ತಾಪುರ, ಸೇಡಂ ಸುತ್ತಿನ ನೆಲದಡಿಯೆಲ್ಲ ಅಂತಹ ಸುಣ್ಣದ ಕಲ್ಲೇ ಇದೆ. ಅದರ ನಡುವಿನಿಂದ ಬರುವ ಬೋರ್‌ವೆಲ್ ನೀರು ಗಡಸು. ಬೇಳೆ ಬೇಯುವುದಿಲ್ಲ, ಸೋಪಿನ ನೊರೆ ಬರುವುದಿಲ್ಲ ಎಂದು ಮನೆಯ ಹೆಣ್ಣುಮಕ್ಕಳು ಹೇಳುವ ನೀರೇ ಅದು. ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಗೂ ಧನ ವಿದ್ಯುದಂಶವೇ. ಪೆಪ್ಟೈಡ್ ಕೂರಬೇಕಾದ ಜಾಗದಲ್ಲಿ ಅವು ಮೊದಲೇ ಹೋಗಿ ಕೂರುತ್ತವೆ, ದುಂಡಾಣುವಿನ ಪೊರೆಯನ್ನು ಗಟ್ಟಿಮಾಡುತ್ತವೆ. ಉಪ್ಪು ಹೆಚ್ಚಿದ ನೀರಿನಲ್ಲಿ ಬಹಳಷ್ಟು ಪೆಪ್ಟೈಡ್‌ಗಳ ಶಕ್ತಿ ಕುಗ್ಗುತ್ತದೆ. ಸರ್ಫ್ಯಾಕ್ಟಿನ್ ಋಣ ಅಂಶದ್ದಾದರೂ ಕ್ಯಾಲ್ಸಿಯಂಗೆ ಅಂಟಿಕೊಳ್ಳುವ ಗುಣದಿಂದ ಅದಕ್ಕೂ ಗಡಸು ನೀರು ಆಗಿಬರುವುದಿಲ್ಲ.

ಮಳೆನೀರು ತುಂಬಿದ ಕೃಷಿ ಹೊಂಡವಿದ್ದರೆ ಸಿಂಪರಣೆಗೆ ಅದರ ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸಿ. ಇಲ್ಲದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತನ್ನಿ. ಇಡೀ ತೋಟಕ್ಕೆ ಅಷ್ಟು ನೀರು ತರಲಾಗದು ಎನಿಸಿದರೆ, ಕನಿಷ್ಠ ಪ್ರಯೋಗದ ಸಾಲುಗಳಿಗಾದರೂ ತನ್ನಿ, ಫಲಿತಾಂಶದ ವ್ಯತ್ಯಾಸ ಕಣ್ಣಾರೆ ನೋಡಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಪೆನ್ನಿನಂತಹ ಟಿಡಿಎಸ್ ಮೀಟರ್, ಹುಳಿ-ಕ್ಷಾರ ತೋರಿಸುವ ಪಿಎಚ್ ಪಟ್ಟಿ ಎರಡೂ ದುಬಾರಿಯಲ್ಲ. ಪಿಎಚ್ 6ರಿಂದ 7ರೊಳಗಿದ್ದರೆ ಒಳ್ಳೆಯದು. ನಲ್ಲಿಯ ಕ್ಲೋರಿನ್ ನೀರು ಪೆಪ್ಟೈಡನ್ನು ಹಾಳುಮಾಡುತ್ತದೆ. ಬೇರೆ ದಾರಿ ಇಲ್ಲದಿದ್ದರೆ ತೆರೆದ ಬ್ಯಾರೆಲ್‌ನಲ್ಲಿ ಒಂದು ದಿನ ಬಿಸಿಲಿಗಿಟ್ಟು ಬಳಸಿ. ಹೈಪೋಕ್ಲೋರೈಟ್‌ನಿಂದ ತೊಳೆದ ಪಂಪನ್ನು ಮೂರು ಸಲ ಬರಿಯ ನೀರಿನಿಂದ ಜಾಲಿಸದೆ ತುಂಬಬೇಡಿ.

ಗಿಡದ ಬುಡಕ್ಕೂ ಸ್ವಲ್ಪ ಸುರಿಯೋಣ ಎಂಬ ಆಸೆ ಬೇಡ. ಧನ ಅಂಶದ ಪೆಪ್ಟೈಡ್ ಋಣ ಅಂಶ ತುಂಬಿದ ಎರೆಮಣ್ಣಿನ ಜೇಡಿಗೆ ಬಿದ್ದ ಕೂಡಲೇ ಅಂಟಿಕೊಂಡು ಕೂರುತ್ತದೆ, ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬೀದರಿನ ಕೆಂಪು ಜಂಬಿಟ್ಟಿಗೆಯ ಮಣ್ಣಿನಲ್ಲಿ ಹಿಡಿತ ಕಡಿಮೆ ಇರಬಹುದು, ಆದರೂ ಎಲೆಯ ರೋಗಕ್ಕೆ ಎಲೆಯ ಮೇಲೆಯೇ ಹೊಡೆಯಬೇಕು.

ಐದನೆಯ ಹೆಜ್ಜೆ: ಬೆರಕೆ ಮತ್ತು ಒಂದು ಕೊಂಬೆಯ ಪರೀಕ್ಷೆ

ನಮ್ಮಲ್ಲಿ ಒಂದೇ ಬ್ಯಾರೆಲ್‌ಗೆ ನಾಲ್ಕೈದು ಔಷಧಿ ಸುರಿಯುವ ಚಟ ಇದೆ. ಕೂಲಿ ಉಳಿಯುತ್ತದೆ ಎಂಬ ಲೆಕ್ಕ ನನಗೂ ಅರ್ಥವಾಗುತ್ತದೆ. ಆದರೆ ಪೆಪ್ಟೈಡ್ ಅಥವಾ ಬ್ಯಾಸಿಲಸ್ ಜೊತೆ ತಾಮ್ರ, ಬೋರ್ಡೋ, ಬ್ಲೀಚಿಂಗ್ ಪುಡಿ ಸೇರಿಸಲೇಬಾರದು. ತಾಮ್ರ ಬೆಳೆಯುತ್ತಿರುವ ಬ್ಯಾಸಿಲಸ್ ಅನ್ನೂ ಕೊಲ್ಲುತ್ತದೆ. ಎರಡರ ನಡುವೆ ಒಂದು ವಾರದ ಅಂತರ ಕೊಡಿ. ಅಂಟು ದ್ರಾವಣ ಬೇಕಿದ್ದರೆ ವಿದ್ಯುದಂಶವಿಲ್ಲದ ಬಗೆಯದನ್ನು ಕೇಳಿ ಪಡೆಯಿರಿ. ಬಟ್ಟೆ ತೊಳೆಯುವ ಪುಡಿ ಋಣ ಅಂಶದ್ದು, ಪೆಪ್ಟೈಡನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ.

ಹೊಸ ಬೆರಕೆಯನ್ನು ಮೊದಲು ಒಂದು ಲೀಟರಿನ ಪಾರದರ್ಶಕ ಬಾಟಲಿಯಲ್ಲಿ ಅದೇ ಪ್ರಮಾಣದಲ್ಲಿ ಕಲಸಿ ಅರ್ಧ ಗಂಟೆ ಇಡಿ. ಒಡೆದ ಹಾಲಿನಂತೆ ಕಣ ಕಣವಾದರೆ ಅದನ್ನು ತೋಟಕ್ಕೆ ತರಬೇಡಿ. ಸರಿಯಿದ್ದರೆ ಸಂಜೆ ಒಂದು ಗಿಡದ ಒಂದು ಕೊಂಬೆಗೆ ಸಿಂಪಡಿಸಿ, ಮೂರು ದಿನ ಬಿಟ್ಟು ಎಲೆಯ ಅಂಚು, ಹೂವು, ಎಳೆಗಾಯಿ ನೋಡಿ. ಸುಟ್ಟ ಗುರುತಿಲ್ಲದಿದ್ದರೆ ಮುಂದುವರಿಯಿರಿ.

ಗಿಡದ, ಮನುಷ್ಯರ ಜೀವಕೋಶಕ್ಕೆ ಪೆಟ್ಟು ಕಡಿಮೆ ಎಂದೆನಲ್ಲ, ಮೆಲಿಟಿನ್ ಜಾತಿಯ ಪೆಪ್ಟೈಡ್‌ಗಳಲ್ಲಿ ಕೆಲವು ಪ್ರಮಾಣ ಹೆಚ್ಚಿದರೆ ರಕ್ತಕಣವನ್ನೂ ಒಡೆಯಬಲ್ಲವು. ಜೈವಿಕ ಎಂಬ ಹೆಸರು ಕೇಳಿ ಬರಿಗೈಯಲ್ಲಿ ಕಲಸಬೇಡಿ. ಕೈಗವಸು, ಮೂಗು ಬಾಯಿಗೆ ಮುಖಗವಸು, ಕಣ್ಣಿಗೆ ಕನ್ನಡಕ ಇರಲಿ. ಪಂಪು ಹೊರುವ ಕೂಲಿಯವರಿಗೂ ಅಷ್ಟೇ ಕೊಡಿ.

ಆರನೆಯ ಹೆಜ್ಜೆ: ಯಾವಾಗ ಹೊಡೆಯಬೇಕು

ಚುಕ್ಕೆ ಕಂಡ ಮೇಲೆ ಹೊಡೆಯುವುದು ಕಳ್ಳ ಹೋದ ಮೇಲೆ ಬೀಗ ಹಾಕಿದಂತೆ. ಪೆಪ್ಟೈಡ್ ಮಳೆಗೆ ಮುಂಚೆ ಎಲೆಯ ಮೇಲಿರಬೇಕು. ದುಂಡಾಣು ಮಳೆಹನಿಯ ಸಿಡಿತದಿಂದ, ಗಾಳಿಯಿಂದ ಎಲೆಯಿಂದ ಎಲೆಗೆ ಹಾರಿ, ಉಸಿರಾಟದ ರಂಧ್ರ ಮತ್ತು ಗಾಯದ ಮೂಲಕ ಒಳಹೊಗುತ್ತದೆ. 28ರಿಂದ 32 ಡಿಗ್ರಿಯ ಬೆಚ್ಚಗಿನ ಹವೆ, ಒದ್ದೆ ಎಲೆ, ಮೋಡ, ಇವು ಮೂರೂ ಕೂಡಿದ ದಿನಗಳೇ ಅಪಾಯದ ದಿನಗಳು. ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲೆಯ ಕೃಷಿ ಸಲಹೆ ಬರುತ್ತದೆ. ಮುಂದಿನ ಮೂರು ದಿನಗಳಲ್ಲಿ ಮಳೆ ಎಂದಿದ್ದರೆ ಹಿಂದಿನ ಸಂಜೆಯೇ ಸಿಂಪಡಿಸಿ.

ಸಂಜೆ ಎಂದದ್ದಕ್ಕೆ ಕಾರಣವಿದೆ. ಬಿಸಿಲಿನ ಅತಿನೇರಳೆ ಕಿರಣ ಪೆಪ್ಟೈಡನ್ನು ಒಡೆಯುತ್ತದೆ, ಬ್ಯಾಸಿಲಸ್‌ಗೂ ಅದು ಆಗದು. ಜೇನುನೊಣಗಳು ಗೂಡು ಸೇರುವ ಹೊತ್ತೂ ಅದೇ. ನಾಲ್ಕೂವರೆಯಿಂದ ಆರು ಗಂಟೆಯೊಳಗೆ ಮುಗಿಸಿದರೆ ನಮ್ಮ ಒಣಹವೆಯಲ್ಲಿ ಕತ್ತಲಾಗುವಷ್ಟರಲ್ಲಿ ಎಲೆ ಆರುತ್ತದೆ. ರಾತ್ರಿಯೆಲ್ಲ ಎಲೆ ಒದ್ದೆಯಾಗಿ ಉಳಿದರೆ ರೋಗಕ್ಕೇ ನೀರೆರೆದಂತಾಗುತ್ತದೆ. ಎಲೆಯ ಕೆಳಬದಿ ತಪ್ಪದೆ ನೆನೆಯಬೇಕು, ರಂಧ್ರಗಳು ಹೆಚ್ಚಾಗಿ ಇರುವುದು ಅಲ್ಲಿ.

ಗಿಡವನ್ನು ಹೂವಿಗೆ ಎಬ್ಬಿಸುವ ಹಂಗಾಮಿಗೆ ಬಹಾರ ಎನ್ನುತ್ತೇವೆ. ದಾಳಿಂಬೆಯಲ್ಲಿ ನಾನು ನೆಚ್ಚುವುದು ಹಸ್ತ ಬಹಾರ. ಮಳೆಗಾಲವನ್ನು ವಿಶ್ರಾಂತಿಯಲ್ಲಿ ಕಳೆದು ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಗಿಡ ಎಬ್ಬಿಸಿದರೆ ಕಾಯಿ ದಪ್ಪವಾಗುವುದು ಚಳಿಗಾಲ, ಬೇಸಿಗೆಯ ಒಣಹವೆಯಲ್ಲಿ. ಮುಂಗಾರಿನ ಮೃಗ ಬಹಾರದಲ್ಲಿ ಹೂವಿನಿಂದ ಕಾಯಿಯವರೆಗೆ ಎಲ್ಲವೂ ಮಳೆಯಲ್ಲೇ ಸಾಗುತ್ತದೆ, ಅಲ್ಲಿ ಪೆಪ್ಟೈಡ್ ಎಷ್ಟು ಹೊಡೆದರೂ ಸೋಲಿನ ಹೋರಾಟ. ಹಸ್ತ ಬಹಾರದಲ್ಲಿ ಚಾಟ್ನಿಯ ನಂತರ ಬೋರ್ಡೋ, ವಾರ ಕಳೆದು ಚಿಗುರು ಎರಡು ಎಲೆ ಬಿಟ್ಟಾಗ ಮೊದಲ ಬ್ಯಾಸಿಲಸ್ ಸಿಂಪರಣೆ, ಹೂವಿಗೆ ಮುಂಚೆ ಎರಡನೆಯದು, ಕಾಯಿ ಕಚ್ಚಿದಾಗ ಮೂರನೆಯದು. ಅಕ್ಟೋಬರ್, ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮೋಡ ಬಂದರೆ ಅದಕ್ಕೆ ಮುಂಚೆ ಇನ್ನೊಂದು. ಆಲಿಕಲ್ಲು ಬಿದ್ದರೆ ಮಾತ್ರ ಕಾಯಬೇಡಿ, ಎಲೆ ಆರಿದ ಕೂಡಲೇ ಹೊಡೆಯಿರಿ, ಗಿಡದ ತುಂಬ ಹೊಸ ಗಾಯಗಳಿರುತ್ತವೆ. ಲಿಂಬೆಯಲ್ಲಿ ಲೆಕ್ಕ ಸರಳ: ಪ್ರತಿ ಹೊಸ ಚಿಗುರಿನ ಎಲೆ ಅರ್ಧ ಅರಳಿದಾಗ ಒಮ್ಮೆ, ಹತ್ತು ದಿನಕ್ಕೆ ಮತ್ತೊಮ್ಮೆ. ಬಲಿತ ಎಲೆಗೆ ಕಜ್ಜಿ ಸುಲಭವಾಗಿ ತಗಲುವುದಿಲ್ಲ.

ಒಂದೇ ಪೆಪ್ಟೈಡನ್ನು ವರ್ಷವಿಡೀ ಹೊಡೆಯುವುದೂ ಸರಿಯಲ್ಲ. ತನ್ನ ಪೊರೆಯ ಋಣ ಅಂಶ ಕಡಿಮೆ ಮಾಡಿಕೊಂಡು, ಪೆಪ್ಟೈಡನ್ನು ಕತ್ತರಿಸುವ ಕಿಣ್ವ ಸ್ರವಿಸಿ ತಪ್ಪಿಸಿಕೊಳ್ಳುವ ಉಪಾಯ ದುಂಡಾಣುಗಳಿಗೂ ಗೊತ್ತಿದೆ. ತಾಮ್ರದ ಸರದಿ ನಡುನಡುವೆ ಇರಲಿ.

ಉಳಿದ ದ್ರವವನ್ನು ಪತ್ರಾಸಿನ (ತಗಡಿನ) ಶೆಡ್ಡಿನಲ್ಲಿ ಇಡಬೇಡಿ. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಇದ್ದರೆ ಪತ್ರಾಸಿನ ಕೆಳಗೆ ಅದಕ್ಕೂ ಹೆಚ್ಚು. ಮನೆಯ ತಂಪು ಕೋಣೆಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಿ. ನೀರಿಗೆ ಬೆರೆಸಿದ ಮೇಲೆ ಉಳಿಸಿಕೊಳ್ಳುವ ಮಾತೇ ಇಲ್ಲ, ಅದೇ ಸಂಜೆ ಮುಗಿಸಿ.

ಏಳನೆಯ ಹೆಜ್ಜೆ: ಕೆಲವು ಗಿಡ ಬಿಟ್ಟು ನೋಡಿ

ಮೊದಲ ವರ್ಷ ಇಡೀ ತೋಟಕ್ಕೆ ಹೊಡೆಯಬೇಡಿ. ಮೂರು ಕಡೆ, ಒಂದೊಂದು ಕಡೆ ಹತ್ತು ಗಿಡಗಳಿಗೆ ಹೊಡೆಯಿರಿ. ಅವುಗಳ ಪಕ್ಕದಲ್ಲಿಯೇ ಹತ್ತತ್ತು ಗಿಡಗಳನ್ನು ನಿಮ್ಮ ಹಳೆಯ ಪದ್ಧತಿಯಲ್ಲಿಯೇ ಬಿಡಿ. ಗಾಳಿಗೆ ಔಷಧಿ ತೇಲಿ ಬಾರದಂತೆ ನಡುವೆ ಒಂದು ಸಾಲು ಖಾಲಿ ಇರಲಿ. ಗಿಡಕ್ಕೆ ಬಣ್ಣದ ದಾರ ಕಟ್ಟಿ, ಸಿಂಪಡಿಸಿದ ದಿನ, ನೀರಿನ ಟಿಡಿಎಸ್, ಮಳೆ ಬಿದ್ದ ದಿನ ಬರೆದಿಡಿ. ವಾರಕ್ಕೊಮ್ಮೆ ಪ್ರತಿ ಗಿಡದಲ್ಲಿ ಒಟ್ಟು ಕಾಯಿ ಎಷ್ಟು, ಚುಕ್ಕೆ ಇರುವ ಕಾಯಿ ಎಷ್ಟು ಎಣಿಸಿ. ಎಣಿಸುವವರಿಗೆ ಯಾವ ದಾರ ಯಾವುದಕ್ಕೆ ಎಂದು ಹೇಳಬೇಡಿ. ಹಣ ಹಾಕಿದ ಕಡೆ ನಮ್ಮ ಕಣ್ಣು ಒಳ್ಳೆಯದನ್ನೇ ಕಾಣುತ್ತದೆ, ಮಗಳೋ ಅಳಿಯನೋ ಎಣಿಸಲಿ.

ಕೊಯ್ಲಿನ ದಿನ ಎರಡು ಗುಂಪಿನ ಹಣ್ಣನ್ನೂ ಬೇರೆ ಬೇರೆ ಕ್ರೇಟಿನಲ್ಲಿ ತೂಗಿ, ಒಂದನೆಯ ದರ್ಜೆಯ ಹಣ್ಣಿನ ಕಿಲೋ ಬರೆದುಕೊಳ್ಳಿ. ಹೊಡೆದ ಗಿಡಗಳಲ್ಲಿ ಹೆಚ್ಚು ಬಂದ ಕಿಲೋಗಳಿಗೆ ಆ ದಿನದ ಮಾರುಕಟ್ಟೆ ದರ ಹಾಕಿ, ಔಷಧಿ, ನೀರು ಸಾಗಿಸಿದ ಬಾಡಿಗೆ, ಕೂಲಿ ಮೂರನ್ನೂ ಕಳೆಯಿರಿ. ಉಳಿದ ಮೊತ್ತ ಮೂರೂ ಕಡೆ ಲಾಭವನ್ನೇ ತೋರಿಸಿದರೆ ಮುಂದಿನ ಬಹಾರಕ್ಕೆ ಒಂದು ಎಕರೆಗೆ ವಿಸ್ತರಿಸಿ. ಒಂದು ಕಡೆ ಲಾಭ, ಎರಡು ಕಡೆ ನಷ್ಟ ಬಂದಿದ್ದರೆ ಅದೇ ಮೂವತ್ತು ಗಿಡಗಳಲ್ಲಿ, ನೀರು ಬದಲಿಸಿ, ಇನ್ನೊಂದು ಬಹಾರ ನೋಡಿ.